ಗಂಡನ ಸಂಬಳ ಏರಿತು, ಮಕ್ಕಳ ದುಡ್ಡು ನಿಂತಿತು

ಮೊನ್ನೆ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಮಾತಿನ ನಡುವೆ ಇಲ್ಲಿ ಬ್ರಿಟನ್ನಿನಲ್ಲಿ ಮಕ್ಕಳನ್ನು ಸಾಕುವವರಿಗೆ ಸರ್ಕಾರ ಕೊಡುವ ದುಡ್ಡು, ಚೈಲ್ಡ್ ಬೆನಿಫಿಟ್ ವಿಷಯ ಬಂತು. ತಮ್ಮ ಅಲ್ಲಿಗೇ ತಡೆದ. "ಅಲ್ಲಕ್ಕಾ, ಭಾವನಿಗೆ ಅಷ್ಟು ಸಂಬಳ ಬರುತ್ತೆ. ಅದರ ಮೇಲೆ ಮಕ್ಕಳನ್ನ ಸಾಕೋಕೆ ಸರ್ಕಾರ ಬೇರೆ ದುಡ್ಡು ಕೊಡಬೇಕಾ? ಇಲ್ಲದವರಿಗೆ ಕೊಡಲಿ ಬಿಡು" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ರೆಡಿಂಗ್‌ನಲ್ಲಿ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. 2014ರಲ್ಲಿ ಗಂಡನ ಕೆಲಸದ ವೀಸಾದ ಮೇಲೆ ಬಂದೆವು. ವೀಸಾ ಕಾರ್ಡಿನ ಮೇಲೆ ಸರ್ಕಾರದ ನೆರವು ಪಡೆಯುವಂತಿಲ್ಲ ಅಂತ ಅಚ್ಚಾಗಿತ್ತು. ಇಲ್ಲಿ ಕೆಲಸದ ವೀಸಾದಲ್ಲಿರುವ ಬಹುತೇಕ ಎಲ್ಲರಿಗೂ ಅದೇ ನಿಯಮ. ತೆರಿಗೆ, ಪಿಂಚಣಿ ಮುಂತಾದವಕ್ಕೆ ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ಎಲ್ಲವನ್ನೂ ಎಲ್ಲರ ಹಾಗೇ ಕಟ್ಟಬೇಕು, ಆದರೆ ಮಕ್ಕಳ ದುಡ್ಡು ಕೇಳುವಂತಿಲ್ಲ. ಐದು ವರ್ಷ ಹಾಗೇ ಕಳೆದೆವು. 2019ರಲ್ಲಿ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ ಸಿಕ್ಕಿತು. ಅದಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಚೈಲ್ಡ್ ಬೆನಿಫಿಟ್ ಅರ್ಜಿ ತುಂಬಿದ್ದು.

ಆಗ ಮೊದಲ ಮಗುವಿಗೆ ವಾರಕ್ಕೆ 20 ಪೌಂಡ್ 70 ಪೆನ್ಸ್, ಎರಡನೆಯದಕ್ಕೆ 13 ಪೌಂಡ್ 70 ಪೆನ್ಸ್. ನಾಲ್ಕು ವಾರಕ್ಕೊಮ್ಮೆ ಖಾತೆಗೆ ಬೀಳುತ್ತದೆ. ಮೊದಲ ಸಲ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. 137 ಪೌಂಡ್ 60 ಪೆನ್ಸ್. ಮದುವೆಯಾದ ಮೇಲೆ ನನ್ನ ಹೆಸರಿನ ಖಾತೆಗೆ ಗಂಡನಲ್ಲದೆ ಬೇರೆ ಕಡೆಯಿಂದ ಬಂದ ಮೊದಲ ದುಡ್ಡು ಅದು. ಮಗನನ್ನು ಕರೆದುಕೊಂಡು ಶೂ ಅಂಗಡಿಗೆ ಹೋದೆ. ಇಲ್ಲಿ ಮಕ್ಕಳನ್ನು ಕೂರಿಸಿ, ಕಾಲನ್ನು ಒಂದು ಅಳತೆ ಹಲಗೆಯ ಮೇಲಿಟ್ಟು, ಉದ್ದ ಅಗಲ ಎರಡನ್ನೂ ನೋಡುತ್ತಾರೆ. ಅಂಗಡಿಯ ಹುಡುಗಿ ಅವನ ಹಳೇ ಶೂ ಒತ್ತಿ ನೋಡಿದಳು. ಒಂದೂವರೆ ಸೈಜು ಚಿಕ್ಕದಾಗಿತ್ತು. ಮಗು ಬಾಯಿ ಬಿಟ್ಟು ಹೇಳಿರಲಿಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ಹೆಬ್ಬೆರಳಿನ ತುದಿ ಕೆಂಪಗಿತ್ತು.

ಆ ರಾತ್ರಿ ಅಮ್ಮನ ಹಾಲಿನ ಬಟವಾಡೆ ನೆನಪಾಯಿತು. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಅಪ್ಪ ಆಲೂಗಡ್ಡೆ ಬೆಳೆಯುತ್ತಿದ್ದರು. ಆ ದುಡ್ಡು ಬರುವ ಮೊದಲೇ ಗೊಬ್ಬರದಂಗಡಿ, ಸೊಸೈಟಿ ಸಾಲ, ಬೋರ್‌ವೆಲ್ ಕಂತು ಅಂತ ಹಂಚಿಹೋಗಿರುತ್ತಿತ್ತು. ಅಪ್ಪ ಕೆಟ್ಟವರಲ್ಲ. ಅವರ ದುಡ್ಡಿಗೆ ಬೇರೆ ದಾರಿಗಳಿದ್ದವು, ಅಷ್ಟೇ. ಆದರೆ ಎರಡು ಸೀಮೆಹಸುವಿನ ಹಾಲು ಡೈರಿಗೆ ಹೋಗುತ್ತಿತ್ತು. ಅದರ ಬಟವಾಡೆ ಅಮ್ಮನ ಕೈಗೇ. ನನ್ನ ಜಾಮಿಟ್ರಿ ಬಾಕ್ಸ್, ಬಸ್ ಪಾಸ್, ತಮ್ಮನ ಕೆಮ್ಮಿನ ಔಷಧಿ ಎಲ್ಲ ಆ ದುಡ್ಡಿನಲ್ಲೇ. ಮನೆಗೆ ಒಟ್ಟು ಎಷ್ಟು ಬರುತ್ತದೆ ಅನ್ನುವುದು ಒಂದು ಲೆಕ್ಕ. ಯಾರ ಕೈಗೆ ಬರುತ್ತದೆ ಅನ್ನುವುದು ಬೇರೆಯೇ ಲೆಕ್ಕ. ತಮ್ಮನಿಗೆ ಇದು ಗೊತ್ತಿಲ್ಲದ್ದೇನಲ್ಲ, ಅವನೂ ಅದೇ ಮನೆಯಲ್ಲಿ ಬೆಳೆದವನು.

2021ರಲ್ಲಿ ಗಂಡನಿಗೆ ಬಡ್ತಿ ಸಿಕ್ಕಿತು. ಸಂಬಳ ವರ್ಷಕ್ಕೆ 61 ಸಾವಿರ ಪೌಂಡ್ ಆಯಿತು. ಮನೆಯಲ್ಲಿ ಪಾಯಸ ಮಾಡಿದೆವು. ಆಗಿದ್ದ ನಿಯಮ ಹೀಗೆ: ಮನೆಯಲ್ಲಿ ಯಾರಾದರೂ ಒಬ್ಬರ ಆದಾಯ 50 ಸಾವಿರ ದಾಟಿದರೆ, ಮೇಲಿನ ಪ್ರತಿ 100 ಪೌಂಡ್‌ಗೆ ಚೈಲ್ಡ್ ಬೆನಿಫಿಟ್‌ನ ನೂರರಲ್ಲಿ ಒಂದು ಪಾಲು ವಾಪಸ್ ಕಟ್ಟಬೇಕು. 60 ಸಾವಿರ ಮುಟ್ಟಿದರೆ ಪೂರ್ತಿ ವಾಪಸ್. ಕಟ್ಟಬೇಕಾದವರು ಜಾಸ್ತಿ ಸಂಬಳ ಇರುವವರು, ಅಂದರೆ ನಮ್ಮ ಮನೆಯಲ್ಲಿ ಗಂಡ. ಅದಕ್ಕಾಗಿ ಆಗ ಪ್ರತಿ ವರ್ಷ ಜನವರಿ 31ರೊಳಗೆ ಬೇರೆಯಾಗಿ ತೆರಿಗೆ ಲೆಕ್ಕ ಸಲ್ಲಿಸಬೇಕಿತ್ತು. "ಬಂದಷ್ಟೂ ವಾಪಸ್ ಕೊಡೋದಾದ್ರೆ ತಗೊಳ್ಳೋದೇ ಯಾಕೆ, ಸುಮ್ನೆ ನಿಲ್ಲಿಸಿಬಿಡು" ಅಂದರು. ಅವರು ಹೇಳಿದ್ದು ಸರಿಯೇ. ಆನ್‌ಲೈನಿನಲ್ಲಿ ನಾನೇ ನಿಲ್ಲಿಸಿದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆಗ ಎರಡು ಮಕ್ಕಳಿಗೆ ಸೇರಿ ವರ್ಷಕ್ಕೆ 1,828 ಪೌಂಡ್ ಹತ್ತಿರ ಬರುತ್ತಿತ್ತು. ಮನೆಯ ಲೆಕ್ಕದಲ್ಲಿ ಸಂಬಳ ಏರಿದ್ದರಿಂದ ಅದು ತುಂಬಿಹೋಯಿತು. ನನ್ನ ಖಾತೆ ಮಾತ್ರ ಖಾಲಿಯೇ ಉಳಿಯಿತು.

ನಮ್ಮದೇ ಬೀದಿಯಲ್ಲಿ ದಾವಣಗೆರೆ ಕಡೆಯ ಗೆಳತಿಯೊಬ್ಬಳಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಇಬ್ಬರಿಗೂ ಆಗ 45 ಸಾವಿರ. ಒಟ್ಟು 90 ಸಾವಿರ. ಅವರಿಗೆ ಚೈಲ್ಡ್ ಬೆನಿಫಿಟ್ ಪೂರ್ತಿ ಬರುತ್ತಿತ್ತು. ಯಾಕೆಂದರೆ ಇಬ್ಬರಲ್ಲಿ ಒಬ್ಬರೂ 50 ಸಾವಿರ ದಾಟಿರಲಿಲ್ಲ. ಒಂದು ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ತೆರಿಗೆ ಎಲ್ಲ ಕಳೆದು ನಮ್ಮ ಮನೆಗೆ ವರ್ಷಕ್ಕೆ 44 ಸಾವಿರ, ಅವರ ಮನೆಗೆ 68 ಸಾವಿರದ ಮೇಲೆ. 44 ಸಾವಿರದ ಮನೆಗೆ ಸೊನ್ನೆ, 68 ಸಾವಿರದ ಮನೆಗೆ ಪೂರ್ತಿ. ಅವಳಿಗೇ ಮುಜುಗರ ಆಯಿತು. ಅವಳ ನರ್ಸರಿ ಬಿಲ್ ನಾನು ನೋಡಿದ್ದೇನೆ, ಅದು ಸಣ್ಣ ಮೊತ್ತವಲ್ಲ. ಅವಳಿಗೆ ಬರುವುದು ನನಗೆ ಹೊಟ್ಟೆಕಿಚ್ಚೂ ಅಲ್ಲ. ಇಬ್ಬರ ಮಕ್ಕಳೂ ಒಂದೇ ಶಾಲೆಗೆ, ಒಂದೇ ಮಳೆಯಲ್ಲಿ ನಡೆದುಹೋಗುತ್ತಾರೆ. ಇಬ್ಬರಿಗೂ ಬರಬೇಕು ಅನ್ನುವುದೇ ನನ್ನ ಮಾತು.

ಈ ನಿಯಮ ತಂದವರು ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್. 2010ರ ಅಕ್ಟೋಬರ್‌ನಲ್ಲಿ ಹೇಳಿ, 2013ರ ಜನವರಿಯಲ್ಲಿ ಜಾರಿ ಮಾಡಿದರು. ಕಡಿಮೆ ಸಂಬಳದವನ ತೆರಿಗೆಯಿಂದ ಜಾಸ್ತಿ ಸಂಬಳದವನ ಮಕ್ಕಳಿಗೆ ಯಾಕೆ ಕೊಡಬೇಕು ಅನ್ನುವುದು ಅವರ ವಾದ. ನಮ್ಮ ತಮ್ಮನ ವಾದವೂ ಅದೇ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ 50 ಸಾವಿರದ ಗೆರೆಯನ್ನು ಹನ್ನೊಂದು ವರ್ಷ ಅಲುಗಾಡಿಸಲೇ ಇಲ್ಲ. ಅಷ್ಟರಲ್ಲಿ ಮನೆ ಬಾಡಿಗೆ, ದಿನಸಿ, ಸಂಬಳ ಎಲ್ಲ ಏರಿದವು. ಶುರುವಿನಲ್ಲಿ 40 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಅಂತ ತಂದ ನಿಯಮ, 2021ರ ಹೊತ್ತಿಗೆ 20 ಪರ್ಸೆಂಟ್ ಕಟ್ಟುವ ಕೆಲವರನ್ನೂ ಹಿಡಿಯಿತು. ಯಾಕೆಂದರೆ 40 ಪರ್ಸೆಂಟ್‌ನ ಗೆರೆ 50,270ಕ್ಕೆ ಹೋಗಿತ್ತು, ಇದು ಮಾತ್ರ 50 ಸಾವಿರದಲ್ಲೇ ನಿಂತಿತ್ತು.

ಹಾಗಾದರೆ ಗಂಡ ಹೆಂಡತಿ ಇಬ್ಬರ ಆದಾಯ ಸೇರಿಸಿ ನೋಡಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಕೇಳುತ್ತಿದ್ದೆ. ಅದಕ್ಕೊಂದು ಹಿನ್ನೆಲೆ ಇದೆ. 1990ರವರೆಗೆ ಇಲ್ಲಿ ಹೆಂಡತಿಯ ಆದಾಯವನ್ನು ತೆರಿಗೆಗೆ ಗಂಡನ ಆದಾಯದ ಜೊತೆ ಸೇರಿಸುತ್ತಿದ್ದರು. ಹೆಂಗಸರು ವರ್ಷಗಟ್ಟಲೆ ಕೇಳಿದ ಮೇಲೆ ಇಬ್ಬರನ್ನೂ ಬೇರೆ ಬೇರೆ ಮಾಡಿದರು. ಈಗ ಒಬ್ಬೊಬ್ಬರದೂ ಅವರವರ ಲೆಕ್ಕ. ಮತ್ತೆ ಸೇರಿಸಬೇಕೆಂದರೆ ಅಷ್ಟು ಕಷ್ಟಪಟ್ಟು ಪಡೆದದ್ದನ್ನೇ ಬಿಚ್ಚಬೇಕು. 2024ರ ಮಾರ್ಚ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜೆರೆಮಿ ಹಂಟ್ ಕುಟುಂಬದ ಲೆಕ್ಕಕ್ಕೆ ಬದಲಾಯಿಸುತ್ತೇವೆ ಅಂದಿದ್ದರು. ಅದೇ ವರ್ಷ ಸರ್ಕಾರ ಬದಲಾಯಿತು, ಅಕ್ಟೋಬರ್ ಬಜೆಟ್‌ನಲ್ಲಿ ಹೊಸ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಅದನ್ನು ಕೈಬಿಟ್ಟರು. ನನಗೆ ಬೇಸರವಾಯಿತು. ಆಮೇಲೆ ಯೋಚಿಸಿದಾಗ, ಗೆರೆ ಎಲ್ಲಿ ಎಳೆದರೂ ಯಾರಿಗೋ ಅನ್ಯಾಯ ಆಗುತ್ತದೆ, ಗೆರೆಯನ್ನೇ ಅಳಿಸಬೇಕು ಅನ್ನಿಸಿತು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಹುಟ್ಟಿ ಬೆಳೆದದ್ದು ಇದೇ ಊರು, ಅವರ ತಂದೆ ಇಲ್ಲಿನ ಬಿಸ್ಕತ್ತು ಕಾರ್ಖಾನೆಯಲ್ಲಿದ್ದರು. ಶುಕ್ರವಾರ ಸಂಬಳ. ಸೋಮವಾರದ ಹೊತ್ತಿಗೆ ಮನೆಯಲ್ಲಿ ಕಾಸು ಮುಗಿದಿರುತ್ತಿತ್ತು. ಮಂಗಳವಾರ ಬೆಳಗ್ಗೆ ತಾಯಿ ಕೋಟು ಹಾಕಿಕೊಂಡು, ಮಕ್ಕಳ ದುಡ್ಡಿನ ಒಂದು ಸಣ್ಣ ಪುಸ್ತಕ ಹಿಡಿದು ಪೋಸ್ಟಾಫೀಸಿಗೆ ಹೋಗುತ್ತಿದ್ದರಂತೆ. ಪೋಸ್ಟ್ ಮಾಸ್ಟರ್ ಸೀಲು ಒತ್ತಿ, ಹಾಳೆ ಹರಿದುಕೊಂಡು ದುಡ್ಡು ಕೊಡುತ್ತಿದ್ದರು. ಬರುವ ದಾರಿಯಲ್ಲಿ ಬ್ರೆಡ್ಡು, ಆಲೂಗಡ್ಡೆ. ಅಜ್ಜಿ ಆ ಪುಸ್ತಕದ ಅಳತೆಯನ್ನು ನನಗೆ ಅಂಗೈಯಲ್ಲಿ ತೋರಿಸಿದರು. "ಅದು ಅಮ್ಮನದು, ಅಪ್ಪ ಅದನ್ನು ಮುಟ್ಟುವಂತಿರಲಿಲ್ಲ" ಅಂದರು.

ಆ ದುಡ್ಡಿನ ಹಿಂದೆ ಎಲಿನರ್ ರಾತ್‌ಬೋನ್ ಅನ್ನುವ ಸಂಸದೆ ಇದ್ದರು. ಹತ್ತಾರು ವರ್ಷ ಇದೊಂದೇ ವಿಷಯ ಹಿಡಿದು ಓಡಾಡಿದವರು. 1945ರಲ್ಲಿ ಕಾನೂನು ಬಂದಾಗ ದುಡ್ಡನ್ನು ತಂದೆಗೆ ಕೊಡುವುದು ಅಂತ ಬರೆದಿದ್ದರು. ಆಕೆ ಬಿಡಲಿಲ್ಲ. ಹೀಗಾದರೆ ನಾನೇ ವಿರುದ್ಧ ಮತ ಹಾಕುತ್ತೇನೆ ಅಂದರು. ಕೊನೆಗೆ ತಾಯಿಗೇ ಅಂತ ಬದಲಾಯಿತು. ಎರಡನೇ ಮಗುವಿನಿಂದ ಮಾತ್ರ, ವಾರಕ್ಕೆ ಐದು ಶಿಲ್ಲಿಂಗ್. ಮೊದಲ ದುಡ್ಡು ಸಿಕ್ಕಿದ್ದು 1946ರ ಆಗಸ್ಟ್‌ನಲ್ಲಿ. ಆಕೆ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು.

1977ರಲ್ಲಿ ಅದು ಈಗಿನ ಚೈಲ್ಡ್ ಬೆನಿಫಿಟ್ ಆಯಿತು. ಮೊದಲ ಮಗುವಿಗೂ ಕೊಡಲು ಶುರು ಮಾಡಿದರು. ಅಲ್ಲಿಯವರೆಗೆ ಮಕ್ಕಳಿದ್ದ ಗಂಡಸಿಗೆ ಸಂಬಳದಲ್ಲೇ ತೆರಿಗೆ ವಿನಾಯಿತಿ ಇತ್ತು. ಅದನ್ನು ಹಂತಹಂತವಾಗಿ ತೆಗೆದು ತಾಯಿಯ ಕೈಗೆ ನಗದಾಗಿ ಕೊಟ್ಟರು. ಗಂಡಸರು ಸಿಟ್ಟಾಗುತ್ತಾರೆ ಅಂತ ಹೆದರಿ 1976ರಲ್ಲಿ ಮಂತ್ರಿಮಂಡಲ ಅದನ್ನು ಮುಂದೂಡಲೂ ಹೊರಟಿತ್ತು. ಇದನ್ನು ಹೇಳುವುದು ಯಾಕೆಂದರೆ, ಇವತ್ತು ಚೈಲ್ಡ್ ಬೆನಿಫಿಟ್ ಅಂದರೆ ಬಡವರಿಗೆ ಕೊಡುವ ನೆರವು ಅಂತ ಎಲ್ಲರೂ ತಿಳಿದಿದ್ದಾರೆ. ಅದು ಮಕ್ಕಳಿದ್ದವರ ತೆರಿಗೆ ವಿನಾಯಿತಿಯ ಜಾಗದಲ್ಲಿ ಬಂದದ್ದು. 50 ಸಾವಿರದ ಗೆರೆ ಇದ್ದಾಗ ಅದನ್ನು ಪೂರ್ತಿ ಕಿತ್ತುಕೊಂಡ ಮೇಲೆ, 70 ಸಾವಿರ ಸಂಬಳದ, ಮಕ್ಕಳಿಲ್ಲದ ಮನುಷ್ಯನಿಗೂ ಅದೇ 70 ಸಾವಿರದ, ಮೂರು ಮಕ್ಕಳ ತಂದೆಗೂ ಲೆಕ್ಕ ಒಂದೇ ಆಗಿತ್ತು.

2024ರ ಏಪ್ರಿಲ್‌ನಿಂದ ಗೆರೆ 60 ಸಾವಿರಕ್ಕೆ ಏರಿದೆ, ಪೂರ್ತಿ ಹೋಗುವುದು 80 ಸಾವಿರಕ್ಕೆ. ಆದರೂ ಲೆಕ್ಕ ನೋಡಿ. ಆ ಎರಡರ ನಡುವೆ ಇರುವವರು 100 ಪೌಂಡ್ ಜಾಸ್ತಿ ದುಡಿದರೆ ತೆರಿಗೆ, ಇನ್ಶೂರೆನ್ಸ್ ಸೇರಿ 42 ಪೌಂಡ್ ಹೋಗುತ್ತದೆ. ಎರಡು ಮಕ್ಕಳಿದ್ದರೆ ಇನ್ನೂ 11ರಿಂದ 12 ಪೌಂಡ್. ಮೂರಿದ್ದರೆ 16ರ ಹತ್ತಿರ. ಶ್ರೀಮಂತರಿಂದ ಜಾಸ್ತಿ ತೆಗೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಅದಕ್ಕೆ ಆದಾಯ ತೆರಿಗೆ ಇದೆ. ಮಕ್ಕಳಿರುವ ಶ್ರೀಮಂತರೂ ಕೊಡಲಿ, ಇಲ್ಲದ ಶ್ರೀಮಂತರೂ ಕೊಡಲಿ. ಮಗುವಿನ ಪಾಲಿಗೆ ಕೈ ಹಾಕುವುದು ಯಾಕೆ? ಪಕ್ಕದ ಐರ್ಲೆಂಡಿನಲ್ಲಿ ಸಂಬಳ ಕೇಳದೆ ಪ್ರತಿ ಮಗುವಿಗೆ ತಿಂಗಳಿಗೆ 140 ಯೂರೋ ಕೊಡುತ್ತಾರೆ. ಜರ್ಮನಿಯಲ್ಲಿ 2025ರಲ್ಲಿ 255 ಯೂರೋ. ಆ ದೇಶಗಳೇನೂ ಮುಳುಗಿಲ್ಲ.

ಇನ್ನೊಂದು ಬೇಸರದ ಮಾತು. 2024ರಲ್ಲಿ ವಯಸ್ಸಾದವರ ಚಳಿಗಾಲದ ಇಂಧನದ ದುಡ್ಡನ್ನು ಹೆಚ್ಚಿನವರಿಗೆ ನಿಲ್ಲಿಸಿದರು. ದೊಡ್ಡ ಗಲಾಟೆ ಆಯಿತು. ಮರುವರ್ಷವೇ 35 ಸಾವಿರದವರೆಗಿನ ಆದಾಯದ ಎಲ್ಲರಿಗೂ ಮತ್ತೆ ಸಿಗುವ ಹಾಗೆ ಮಾಡಿದರು. ಪಕ್ಕದ ಮನೆಯ ಅಜ್ಜಿಗೆ ಅದು ಬಂದಾಗ ನನಗೂ ಸಂತೋಷ ಆಯಿತು. ಆದರೆ ಮಕ್ಕಳ ಗೆರೆ ಅಲುಗಲು ಹನ್ನೊಂದು ವರ್ಷ ಬೇಕಾಯಿತು. ಮಕ್ಕಳಿಗೆ ಓಟಿಲ್ಲ.

ಇಲ್ಲಿಗೆ ಹೊಸದಾಗಿ ಬಂದಿರುವ ನಮ್ಮ ಹುಡುಗಿಯರಿಗೆ ಒಂದು ಮಾತು. ಪಿಆರ್ ಸಿಕ್ಕ ಕೂಡಲೇ, ಗಂಡನಿಗೆ ಲಕ್ಷ ಪೌಂಡ್ ಸಂಬಳ ಇದ್ದರೂ, ಈ ಅರ್ಜಿ ತುಂಬಿ. ದುಡ್ಡು ಬೇಡ ಅಂತ ಟಿಕ್ ಮಾಡಿ ಬೇಕಾದರೆ. ಅರ್ಜಿ ಇದ್ದರೆ ಮಗುವಿಗೆ 12 ವರ್ಷ ಆಗುವವರೆಗೆ, ನೀವು ಮನೆಯಲ್ಲಿದ್ದ ವರ್ಷಗಳೂ ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ದಾಖಲೆಗೆ ಸೇರುತ್ತವೆ. ಇಲ್ಲಿ ಸರ್ಕಾರದ ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷ, ಪೂರ್ತಿ ಸಿಗಬೇಕಾದರೆ 35 ವರ್ಷ ಬೇಕು. "ನಮಗೆ ಹೇಗೂ ಬರಲ್ಲ" ಅಂತ ಬಿಟ್ಟುಬಿಟ್ಟವರನ್ನು ನಾನು ಕಂಡಿದ್ದೇನೆ. ತಡವಾದರೆ ದುಡ್ಡು ಹಿಂದಿನ ಮೂರು ತಿಂಗಳದ್ದು ಮಾತ್ರ ಸಿಗುತ್ತದೆ. ಅರ್ಜಿಯನ್ನು ಮನೆಯಲ್ಲಿರುವವರ ಹೆಸರಿನಲ್ಲೇ ಹಾಕಿ, ದುಡಿಯುವವರ ಹೆಸರಿನಲ್ಲಿ ಬೇಡ.

2024ರಲ್ಲಿ ನಾನು ಮತ್ತೆ ಶುರು ಮಾಡಿದೆ. ಗಂಡನ ಸಂಬಳ ಈಗ 68 ಸಾವಿರ. ನೂರರಲ್ಲಿ 40 ಪಾಲು ಅವರು ವಾಪಸ್ ಕಟ್ಟುತ್ತಾರೆ. ಆದರೆ ದುಡ್ಡು ಪೂರ್ತಿಯಾಗಿ ನನ್ನ ಖಾತೆಗೆ ಬರುತ್ತದೆ, ವಾಪಸ್ ಹೋಗುವುದು ಅವರ ಲೆಕ್ಕದಿಂದ. ಮೊದಲ ಕಂತು 170 ಪೌಂಡ್ 20 ಪೆನ್ಸ್. ಊರಿನ ಲೆಕ್ಕದಲ್ಲಿ ಸುಮಾರು 18 ಸಾವಿರ ರೂಪಾಯಿ.

ಫೋನಿನಲ್ಲಿ ತಮ್ಮನಿಗೆ ಇಷ್ಟರಲ್ಲಿ ಅರ್ಧ ಹೇಳಿದ್ದೆ. ನಮ್ಮಲ್ಲೂ ಎರಡೂ ಥರ ಇದೆಯಲ್ಲೋ ಅಂದೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ಯಾರ ಗಂಡನ ಸಂಬಳವನ್ನೂ ಕೇಳುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಮಾತ್ರ, ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಹೆಂಡತಿಗೆ ಇಲ್ಲ. ತಮ್ಮ ತೆರಿಗೆ ಕಟ್ಟುತ್ತಾನೆ. ಅವನು ಏನೋ ಹೇಳಲು ಹೋಗಿ ಸುಮ್ಮನಾದ. ಅವನ ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು ಅಂತ ಕಾಣುತ್ತೆ. ಫೋನ್ ಇಸಕೊಂಡು ಅಡುಗೆಮನೆಗೆ ಹೋದಳು. ಕುಕ್ಕರಿನ ಸದ್ದು ಕೇಳಿಸಿತು. ದನಿ ತಗ್ಗಿಸಿ ಕೇಳಿದಳು, "ಅಕ್ಕಾ, ಆ ದುಡ್ಡು ನಿಮ್ಮ ಹೆಸರಿಗೇ ಬರುತ್ತಾ?"

"ಹೂಂ ಕಣೇ, ನನ್ನ ಹೆಸರಿಗೇ."