ಬಿಸಿಲೇ ಬೀಳದ ಕಡೆ ಅಡುಗೆ

ಬೆಳಗ್ಗೆಯಿಂದ ಒಂದು ಹುಳು ತಲೆಯಲ್ಲಿ ಕೂತಿದೆ. ಸಮುದ್ರದ ತಳದ್ದು.

ಎಲೆಗಳು ಬಿಸಿಲು ಹಿಡಿದು ತಮ್ಮ ಊಟ ತಾವೇ ಮಾಡಿಕೊಳ್ಳುತ್ತವೆ. ಸರಿ, ಬಿಸಿಲೇ ಬೀಳದ ಕಡೆ? 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಅನ್ನೋ ಪುಟ್ಟ ಜಲಾಂತರ್ಗಾಮಿಯಲ್ಲಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದವರು ಹುಡುಕುತ್ತಿದ್ದದ್ದು ಬಿಸಿನೀರಿನ ಬುಗ್ಗೆಗಳನ್ನು, ಜೀವಿಗಳನ್ನಲ್ಲ. ಆ ಕಗ್ಗತ್ತಲಲ್ಲಿ ಸಿಕ್ಕಿದ್ದು ಏಡಿಗಳು, ಚಿಪ್ಪಿನ ಜೀವಿಗಳು, ಆಳೆತ್ತರ ಬೆಳೆಯುವ ಕೊಳವೆ ಹುಳುಗಳು!

ಬಿಳಿ ಕೊಳವೆ, ತುದಿಯಲ್ಲಿ ರಕ್ತಗೆಂಪು ಕುಚ್ಚು. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗೆ ಮಾತ್ರ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಕೆಂಪು ಕುಚ್ಚು ನೀರಿನಿಂದ ಹೈಡ್ರೋಜನ್ ಸಲ್ಫೈಡನ್ನು (ಕೊಳೆತ ಮೊಟ್ಟೆ ವಾಸನೆಯ ಅನಿಲ, ನಮಗಂತೂ ವಿಷ) ಹೀರುತ್ತದೆ. ಜೊತೆಗೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್. ಎಲ್ಲವನ್ನೂ ಹುಳುವಿನ ರಕ್ತವೇ ಒಳಗೆ ಹೊತ್ತೊಯ್ಯುತ್ತದೆ. ಸಲ್ಫೈಡ್ ಆಮ್ಲಜನಕದ ಜೊತೆ ಸೇರುವಾಗ ಸಿಗುವ ಶಕ್ತಿಯಿಂದ ಬ್ಯಾಕ್ಟೀರಿಯಾ ಆಹಾರ ತಯಾರಿಸುತ್ತವೆ. ಹುಳುವಿಗೂ ಅದೇ ಊಟ.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಬೇರೆ. ಆ ಆಮ್ಲಜನಕ ಎಲ್ಲಿಂದ ಬಂತು? ಮೇಲೆ ಬಿಸಿಲಲ್ಲಿರುವ ಪಾಚಿ, ಗಿಡಗಳು ಬಿಟ್ಟದ್ದು. ಅಂದ್ರೆ ಸೂರ್ಯನ ಹಂಗು ಅಲ್ಲೂ ಪೂರ್ತಿ ತಪ್ಪಿಲ್ಲ, ಅಲ್ವಾ?