ಹಲ್ಲಿನ ಡಾಕ್ಟರಿಗೆ ಗ್ರಾಮಸಭೆಯಲ್ಲಿ ಏನು ಕೆಲಸ?

"ಕ್ಲಿನಿಕ್ ಬಾಗಿಲು ಹಾಕ್ಕೊಂಡು ಗ್ರಾಮಸಭೆಗೆ ಹೋಗ್ತೀರಲ್ಲ ಡಾಕ್ಟ್ರೇ, ಹಲ್ಲಿಗೂ ಪಂಚಾಯ್ತಿಗೂ ಏನ್ ಸಂಬಂಧ?" ಪಾವಗಡದ ಕಡೆ ಹಲ್ಲಿನ ವೈದ್ಯ ಮಾಡಿಕೊಂಡು ಊರಿನ ನಾಲ್ಕು ಕೆಲಸಕ್ಕೂ ಕೈ ಹಾಕುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಊರವರು ಕೇಳುತ್ತಾರೆ, ಹಲ್ಲಿನ ವೈದ್ಯ ಪದವಿ ಬಿಡಿಎಸ್ ಮುಗಿಸಿ ತಾಲ್ಲೂಕು ಕೇಂದ್ರದಲ್ಲಿ ಕುರ್ಚಿ ಹಾಕಲು ಹೊರಟ ಹುಡುಗರೂ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ನಮ್ಮ ಕುರ್ಚಿಯ ಮೇಲೆ ಬಂದು ಕೂರುವ ಕಾಯಿಲೆಗಳಲ್ಲಿ ಒಂದು ದೊಡ್ಡ ಪಾಲು ಕುರ್ಚಿಯ ಮೇಲೆ ವಾಸಿಯಾಗುವಂಥದ್ದಲ್ಲ. ಅದು ವಾಸಿಯಾಗಬೇಕಾದ ಜಾಗ ಕೊಳವೆಬಾವಿ, ಅಂಗನವಾಡಿಯ ಒಲೆ, ಪಂಚಾಯ್ತಿಯ ನಡಾವಳಿ ಪುಸ್ತಕ.

ಎಂಟು ವರ್ಷದ ಹುಡುಗನನ್ನು ಕರೆತರುವ ತಾಯಿ ಕೇಳುವುದು ಯಾವಾಗಲೂ ಒಂದೇ: "ಇವನ ಹಲ್ಲು ಹಳದಿ ಸಾರ್, ಯಾವ ಪೇಸ್ಟ್ ಹಾಕ್ಲಿ?" ಮೊದಲು ಮಗುವನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಕಲೆ ಒಸಡಿನ ಅಂಚಿಗೆ ಅಂಟಿಕೊಂಡಿದ್ದು, ಉಪಕರಣದಿಂದ ಕೆರೆದರೆ ಏಳುವಂತಿದ್ದರೆ ಅದು ಬರೀ ಪಾಚಿ, ಕಿಟ್ಟ. ಯಾವುದೋ ಒಂದು ಹಲ್ಲಿನಲ್ಲಿ ಮಾತ್ರ ಕುಳಿ ಬಿದ್ದು ಮೆತ್ತಗಾಗಿದ್ದರೆ ಹುಳುಕು. ಬಲಗಡೆ ಎಡಗಡೆ ಎರಡೂ ಜೋಡಿ ಹಲ್ಲಿನಲ್ಲಿ ಒಂದೇ ಮಟ್ಟದಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಅಡ್ಡಡ್ಡ ಹೋಗಿದ್ದು, ಅದರ ಮೇಲೆ ಕಂದು ಬಣ್ಣ ಹರಡಿ, ಎಷ್ಟು ಕೆರೆದರೂ ಜಪ್ಪಯ್ಯ ಅನ್ನದಿದ್ದರೆ ಅದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬೀಳುವ ಕಲೆ. ಬಣ್ಣ ಕೂತಿರುವುದು ಹಲ್ಲಿನ ಮೇಲಲ್ಲ, ಅದರ ಗಟ್ಟಿ ಹೊರಪದರವಾದ ಎನಾಮೆಲ್‌ನ ಒಳಗೆ. ಅಲ್ಲಿಗೆ ಯಾವ ಪೇಸ್ಟೂ ತಲುಪುವುದಿಲ್ಲ.

ಇದರ ಕಾಲದ ಲೆಕ್ಕವನ್ನು ತಾಯಂದಿರಿಗೆ ಬಿಡಿಸಿ ಹೇಳಲೇಬೇಕು. ಮೇಲಿನ ಮುಂದಿನ ಎರಡು ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವುದು ಏಳೆಂಟು ವರ್ಷಕ್ಕೆ. ಆದರೆ ಅವುಗಳ ಎನಾಮೆಲ್ ಮಗುವಿಗೆ ಮೂರು ನಾಲ್ಕು ತಿಂಗಳಾದಾಗಿನಿಂದಲೇ ದವಡೆಯೊಳಗೆ ಕಟ್ಟಿಕೊಳ್ಳಲು ಶುರುವಾಗಿ, ನಾಲ್ಕೈದು ವರ್ಷಕ್ಕೆ ಮುಗಿದಿರುತ್ತದೆ. ಆ ಕೆಲಸ ನಡೆಯುವಾಗ ಫ್ಲೋರೈಡ್ ಜಾಸ್ತಿ ಹೋದರೆ ಎನಾಮೆಲ್ ಗಟ್ಟಿಯಾಗಿ ಹರಳುಗಟ್ಟದೆ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ; ಹಲ್ಲು ಹೊರಬಂದ ಮೇಲೆ ಆ ತೂತುಗಳಲ್ಲಿ ಬಣ್ಣ ಇಳಿಯುತ್ತದೆ. ಅಂದರೆ ಎಂಟು ವರ್ಷದ ಹುಡುಗನ ಹಲ್ಲು ಹೇಳುತ್ತಿರುವುದು ಈಗ ಅವನು ಕುಡಿಯುವ ನೀರಿನ ವಿಷಯವನ್ನಲ್ಲ, ತೊಟ್ಟಿಲಲ್ಲಿದ್ದಾಗ, ಅಂಬೆಗಾಲಿಡುವಾಗ ಹೊಟ್ಟೆಗೆ ಹೋದ ನೀರಿನ ವಿಷಯವನ್ನು. ಎದೆಹಾಲಿನಿಂದ ಇದು ಬರುವುದಿಲ್ಲ. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಹಾಲಿಗೆ ಇಳಿಯುವುದು ತೀರಾ ಕಡಿಮೆ. ತೊಂದರೆ ಶುರುವಾಗುವುದು ಆರನೇ ತಿಂಗಳಲ್ಲಿ, ಕೊಳವೆಬಾವಿ ನೀರಲ್ಲಿ ರಾಗಿ ಸರಿ ಕಾಯಿಸುವ ದಿನದಿಂದ. ಎಂಟು ವರ್ಷ ದಾಟಿದ ಮೇಲೆ, ಬುದ್ಧಿಹಲ್ಲು ಬಿಟ್ಟರೆ, ಹೊಸದಾಗಿ ಕಲೆ ಬೀಳುವ ಹಲ್ಲು ಉಳಿದಿರುವುದಿಲ್ಲ. ಮೂಳೆ, ಕೀಲುಗಳಿಗೆ ಮಾತ್ರ ಅಪಾಯ ಜೀವಮಾನವಿಡೀ ಇದ್ದೇ ಇರುತ್ತದೆ.

ಕುರ್ಚಿಯ ಮೇಲೆ ಮಾಡಬಹುದಾದದ್ದು ಇಲ್ಲವೇ ಇಲ್ಲ ಎಂದಲ್ಲ. ಕಲೆ ಮೇಲ್ಪದರದಲ್ಲೇ ಇದ್ದರೆ ಮೈಕ್ರೋಅಬ್ರೇಷನ್ ಮಾಡುತ್ತೇವೆ: ಒಸಡಿಗೆ ತಾಗದಂತೆ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿ, ಆಮ್ಲ ಬೆರೆತ ಉಜ್ಜುವ ಲೇಪ ಹಚ್ಚಿ, ನಿಧಾನಕ್ಕೆ ತಿರುಗುವ ರಬ್ಬರ್ ಕಪ್‌ನಿಂದ ಸ್ವಲ್ಪಸ್ವಲ್ಪವೇ ಉಜ್ಜಿ, ತೊಳೆದು, ನೋಡಿ, ಮತ್ತೆ ಉಜ್ಜುವುದು. ತೆಗೆಯಬಹುದಾದ್ದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು, ಅಷ್ಟೇ. ಗುಳಿ ಬಿದ್ದಿದ್ದರೆ ಮೇಲೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ಲೇಪದ ಪದರ ಕೂರಿಸಬೇಕು. ಅದು ಕೆಲವು ವರ್ಷಕ್ಕೆ ಅಂಚಿನಲ್ಲಿ ಚಕ್ಕೆ ಏಳುತ್ತದೆ, ಮತ್ತೆ ಮಾಡಿಸಬೇಕು. ಕೂಲಿ ಮಾಡುವ ಮನೆಯಲ್ಲಿ ಮೂರು ಮಕ್ಕಳಿಗೂ ಹೀಗಾಗಿದ್ದರೆ ಯಾವ ಲೆಕ್ಕಕ್ಕೂ ಅದು ಎಟಕುವುದಿಲ್ಲ. ಆಗ ಜನ ಹೋಗುವುದು ಸಂತೆಯಲ್ಲಿ ಆಸಿಡ್ ಸವರಿ ಬಿಳಿ ಮಾಡುವವನ ಹತ್ತಿರ. ಅವನು ಎನಾಮೆಲ್ಲನ್ನೇ ಸುಟ್ಟು ಕಳಿಸುತ್ತಾನೆ. ಆಮೇಲೆ ತಣ್ಣೀರು ತಾಗಿದರೂ ಜುಮ್ ಅನ್ನುತ್ತದೆ, ಸವೆದ ಎನಾಮೆಲ್ ಮತ್ತೆ ಬರುವುದಿಲ್ಲ. ಇಟ್ಟಿಗೆ ಪುಡಿ, ಇದ್ದಿಲು, ನಿಂಬೆರಸ ಮಾಡುವುದೂ ಇದನ್ನೇ, ಸ್ವಲ್ಪ ನಿಧಾನವಾಗಿ.

ನೀರಿಗೆ ಈ ಫ್ಲೋರೈಡನ್ನು ಯಾರೂ ತಂದು ಸುರಿದಿಲ್ಲ. ನಮ್ಮ ಕಾಲಡಿಯ ಕಲ್ಲಿನಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆಳದ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಕೆರೆ, ತೆರೆದ ಬಾವಿ ಬತ್ತಿ ನಾವು ನೂರಾರು ಅಡಿ ಕೆಳಗಿಳಿದಂತೆಲ್ಲ ಇದು ಮೇಲೆ ಬಂತು. ಮುಂಡರಗಿ, ಬಾಗೇಪಲ್ಲಿ ಕಡೆಯದೂ ಇದೇ ಪಾಡು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕುದಿಸಿದರೆ ಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ಫಿಲ್ಟರು ಕೂಡ ಇದನ್ನು ತಡೆಯುವುದಿಲ್ಲ.

ಪಂಚಾಯ್ತಿಯ ಮುಂದೆ ನಿಲ್ಲುವ ಮೊದಲು ಕೈಯಲ್ಲಿ ಎರಡು ಕಾಗದ ಇರಬೇಕು.

ಒಂದು, ಮಕ್ಕಳ ಹಲ್ಲಿನ ಪಟ್ಟಿ. ಹನ್ನೆರಡು ವರ್ಷದ ಆಸುಪಾಸಿನ, ಅಂದರೆ ಏಳನೇ ತರಗತಿಯ ಮಕ್ಕಳನ್ನು ನೋಡಿ. ಅಷ್ಟೊತ್ತಿಗೆ ಹೆಚ್ಚಿನ ಕಾಯಂ ಹಲ್ಲು ಬಂದಿರುತ್ತವೆ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಪೋಷಕರ ಸಹಿ ಮೊದಲೇ ಆಗಿರಲಿ. ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ ಬಾಯಿಕನ್ನಡಿ ಮಗುವಿಗೊಂದರಂತೆ ಬೇಕು; ನಲವತ್ತು ಮಕ್ಕಳಿಗೆ ಹತ್ತು ಕನ್ನಡಿ ಒಯ್ದು ಬಕೆಟ್ಟಿನ ಡೆಟಾಲ್ ನೀರಲ್ಲಿ ಅದ್ದಿ ಅದ್ದಿ ಬಳಸುವುದು ತಪಾಸಣೆಯಲ್ಲ, ರೋಗ ಹಂಚುವ ಕೆಲಸ. ಫ್ಲೋರೋಸಿಸ್ ಎಷ್ಟು ತೀವ್ರ ಎಂದು ಅಳೆಯುವ ಡೀನ್ ಸೂಚ್ಯಂಕದಂತೆ ಬಾಯಲ್ಲಿ ಅತಿ ಹೆಚ್ಚು ಕೆಟ್ಟ ಎರಡು ಹಲ್ಲು ನೋಡಿ ದರ್ಜೆ ಬರೆಯಿರಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಮಗುವಿನ ಈಗಿನ ವಿಳಾಸ ಬರೆದುಕೊಂಡು ಬರುತ್ತಾರೆ. ಬೇಕಾದ್ದು ಅದಲ್ಲ. ಹುಟ್ಟಿದಾಗಿನಿಂದ ಐದು ವರ್ಷದವರೆಗೆ ಎಲ್ಲಿತ್ತು, ಯಾವ ಬೋರಿನ ನೀರು ಕುಡಿಯಿತು ಎಂಬುದು ಬೇಕು. ಅಜ್ಜಿ ಮನೆಯಲ್ಲಿ ಬೆಳೆದವರು, ಬೆಂಗಳೂರಿಗೆ ಗುಳೆ ಹೋಗಿ ಬಂದವರು ನಮ್ಮಲ್ಲಿ ತುಂಬಾ. ಆ ಪಟ್ಟಿಯನ್ನು ಊರಿನ ನಕ್ಷೆಯ ಮೇಲೆ ಚುಕ್ಕಿ ಇಟ್ಟು ತೋರಿಸಿದರೆ ಯಾವ ಕೊಳವೆಬಾವಿಯ ಸುತ್ತ ಚುಕ್ಕಿ ಒತ್ತಾಗಿದೆ ಎಂಬುದು ಓದು ಬಾರದವರಿಗೂ ಕಾಣುತ್ತದೆ. ಒಂದು ಮಾತು ಕಟ್ಟುನಿಟ್ಟಾಗಿ: ಯಾವ ಮಗುವನ್ನೂ ತರಗತಿಯ ಮುಂದೆ ನಿಲ್ಲಿಸಿ ಬಾಯಿ ತೆರೆಸಿ ತೋರಿಸಬೇಡಿ. ಕೈ ಅಡ್ಡ ಹಿಡಿದು ನಗುವುದನ್ನು ಅವು ಆಗಲೇ ಕಲಿತಿರುತ್ತವೆ.

ಎರಡನೆಯದು ನೀರಿನ ವರದಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಗಾಜಿನದು ಬೇಡ. ಪಂಪನ್ನು ಐದಾರು ನಿಮಿಷ ಓಡಿಸಿ ಪೈಪಿನಲ್ಲಿ ನಿಂತ ನೀರು ಹರಿದುಹೋಗಲು ಬಿಡಿ. ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು, ತುಂಬಿಸಿ, ಬೋರಿನ ಗುರುತು, ಆಳ, ದಿನಾಂಕ ಅಲ್ಲೇ ಬರೆಯಿರಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಟ್ಟರೆ ಸಹಿ, ಮೊಹರಿರುವ ವರದಿ ಸಿಗುತ್ತದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ; ಅವರನ್ನು ಹುಡುಕಿ ಜೊತೆಗೆ ಸೇರಿಸಿಕೊಳ್ಳಿ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಮಾತ್ರ ಕಿಟ್ ಪರೀಕ್ಷೆ ಬೇಡ, ಕ್ಲೋರಿನ್ ಕಿಟ್‌ನಲ್ಲಿ ಮೂಡುವ ಬಣ್ಣವನ್ನೇ ಕೆಡಿಸಿ ತಪ್ಪು ಅಂಕಿ ತೋರಿಸುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ, ವರ್ಷಕ್ಕೆ ಎರಡು ಸಲವಾದರೂ ಪರೀಕ್ಷೆ ಆಗಬೇಕು.

ಇನ್ನು ಸಭೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ವಿಷಯ ವಾರ್ಡ್ ಸಭೆಯಲ್ಲೇ ಎದ್ದು ಬರಲಿ. ನೇರವಾಗಿ ಗ್ರಾಮಸಭೆಗೆ ತಂದರೆ ಮನೆ ಹಂಚಿಕೆ, ಉದ್ಯೋಗ ಖಾತ್ರಿ ಗಲಾಟೆಯಲ್ಲಿ ಮುಳುಗುತ್ತದೆ. "ನೀರು ಸರಿಯಿಲ್ಲ, ಕ್ರಮ ಕೈಗೊಳ್ಳಿ" ಎಂದರೆ ಪಿಡಿಒ "ಪರಿಶೀಲಿಸಲಾಗುವುದು" ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಹೇಳಬೇಕಾದ್ದು ಹೀಗೆ: ಇಂಥ ಬೋರು, ಇಷ್ಟು ಮಿಲಿಗ್ರಾಂ, ಅದರ ನೀರು ಕುಡಿದ ಇಷ್ಟು ಮಕ್ಕಳಲ್ಲಿ ಇಷ್ಟು ಮಕ್ಕಳಿಗೆ ಕಲೆ, ಇದಕ್ಕೆ ಕೆಂಪು ಬಣ್ಣ ಬಳಿದು ಕುಡಿಯಲು ಅಲ್ಲ ಎಂದು ಬರೆಸಬೇಕು, ಅಂಗನವಾಡಿಗೆ, ಶಾಲೆಗೆ ಇಂಥಲ್ಲಿಂದ ನೀರು ಕೊಡಬೇಕು, ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೆಂದೇ ಇಟ್ಟ ಪಾಲಿನಿಂದ ಖರ್ಚು ಹಾಕಬೇಕು. ಸಭೆ ಮುಗಿಯುವ ಮುನ್ನ ಅದು ನಡಾವಳಿಯಲ್ಲಿ ಬರೆದಾಗಿದೆಯೇ ಎಂದು ಓದಿಸಿ ಕೇಳಿ. ಯಾವ ಬಣದ ಪಕ್ಕದಲ್ಲೂ ಕೂರಬೇಡಿ. ವೈದ್ಯರ ಮಾತಿಗೆ ಬೆಲೆ ಇರುವುದು ಎರಡೂ ಬಣದವರ ಮಕ್ಕಳು ಅದೇ ಕುರ್ಚಿಗೆ ಬರುವುದರಿಂದ. ಗಡಿ ತಾಲ್ಲೂಕಿನಲ್ಲಿ ತೆಲುಗಿನಲ್ಲೂ ಒಮ್ಮೆ ಹೇಳಬೇಕು. ನೀರುಗಂಟಿಯ ಮೇಲೆ ಹರಿಹಾಯುವವರನ್ನು ತಡೆಯಿರಿ. ವಾಲ್ವ್ ತಿರುಗಿಸುವವನು ಅವನು, ಅವನ ಸಹಾಯವಿಲ್ಲದೆ ಏನೂ ಆಗುವುದಿಲ್ಲ.

ಶುದ್ಧ ನೀರಿನ ಘಟಕ ಬಂದ ಊರಲ್ಲೂ ಮಕ್ಕಳ ಹಲ್ಲಿಗೆ ಕಲೆ ಬೀಳುವುದು ಏಕೆ? ಅಡುಗೆಮನೆ ನೋಡಿ. ಕುಡಿಯಲು ಕ್ಯಾನ್ ನೀರು, ಮುದ್ದೆಯ ಎಸರಿಗೆ ಬೋರಿನ ನೀರು. ಎಸರಿನಲ್ಲಿದ್ದ ಫ್ಲೋರೈಡ್ ಪೂರ್ತಿ ಮುದ್ದೆಯಲ್ಲೇ ಉಳಿಯುತ್ತದೆ, ಬೇಳೆಯೂ ಹಾಗೆಯೇ. ಐದು ಜನರ ಮನೆಗೆ ಕುಡಿಯಲು ದಿನಕ್ಕೆ 12 ಲೀಟರ್, ಅಡುಗೆಗೆ 8 ಲೀಟರ್ ಹಿಡಿದರೆ 20 ಲೀಟರಿನ ಒಂದು ಕ್ಯಾನ್ ಪೂರ್ತಿ ಬೇಕು. ಬೇಸಿಗೆಯಲ್ಲಿ ಅದೂ ಸಾಲದು. ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಬೋರಿನ ನೀರು ಧಾರಾಳವಾಗಿ ಬಳಸಿ, ಏನೂ ಆಗದು. ಘಟಕದ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ ಹಳತಾದರೆ ನೀರು ಬರುತ್ತಲೇ ಇರುತ್ತದೆ, ಫ್ಲೋರೈಡೂ ಅದರ ಜೊತೆ ಬರುತ್ತದೆ. ನಾಣ್ಯದ ಪೆಟ್ಟಿಗೆಗೆ ಅದು ಗೊತ್ತಾಗುವುದಿಲ್ಲ. ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷೆಗೆ ಕಳಿಸಬೇಕು.

ಮಳೆನೀರನ್ನು ನಾವು ಮರೆತೇಬಿಟ್ಟಿದ್ದೇವೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದೇ ಐದು ಜನರ ಮನೆಗೆ ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ 7,300 ಲೀಟರ್ ಬೇಕು. 10 ಅಡಿ ಅಗಲ, 22 ಅಡಿ ಉದ್ದದ ಸೂರು ಸುಮಾರು 20 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ 8,000 ಲೀಟರ್ ಆಯಿತು. ಮಳೆಯಿಲ್ಲದ ಆರು ತಿಂಗಳು ದಾಟಲು 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ನೀರು ಹೊರಗೆ ಹೋಗುವಂತೆ ಪೈಪಿಗೊಂದು ಬಿರಡೆ ಇರಲಿ. ಸೊಳ್ಳೆ ಹೋಗದಂತೆ ಬಾಯಿಗೆ ಜಾಲರಿ, ಬೆಳಕು ತಾಗದಂತೆ ಮುಚ್ಚಳ. ಕುಡಿಯುವಾಗ ಕುದಿಸಿ ಆರಿಸಿದರಾಯಿತು.

ಗುಟ್ಕಾ, ಅಡಿಕೆಯ ಮಾತೂ ಇದೇ ಸಭೆಗೆ ಸೇರಿದ್ದು. ಸಾರಿನ ಖಾರ ತಾಗಿದರೆ ಬಾಯಿ ಉರಿಯುತ್ತದೆ, ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುವುದಿಲ್ಲ ಎಂದರೆ ಕೆನ್ನೆಯ ಒಳಪದರ ನಾರುಗಟ್ಟಿದೆ. ಅದು ಹಿಂದಿನಂತೆ ಮೆತ್ತಗಾಗುವುದಿಲ್ಲ, ಕ್ಯಾನ್ಸರಿನ ಕಡೆಗೂ ತಿರುಗಬಹುದು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ ಇದೆ, ಆದರೆ ಪಾನ್ ಮಸಾಲದ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಜೋಡಿಯಾಗಿ ಮಾರಾಟವಾಗುತ್ತವೆ. 2003ರ ತಂಬಾಕು ಕಾಯ್ದೆ ಶಾಲೆಯಿಂದ ನೂರು ಗಜದೊಳಗೆ ಮಾರುವಂತಿಲ್ಲ ಎನ್ನುತ್ತದೆ. ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ ಟೇಪ್ ಹಿಡಿದು ಅಳೆದು ಅಂಗಡಿಗಳ ಪಟ್ಟಿ ಕೊಟ್ಟರೆ ಆ ಸಭೆಯಲ್ಲಿ ಯಾರೂ ವಾದ ಮಾಡಲು ಬರುವುದಿಲ್ಲ.

ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆ ಇದೆಯಲ್ಲ, ಇನ್ನು ಈ ಕೆಲಸ ಯಾಕೆ ಎಂದು ಈಗ ಕೇಳುತ್ತಾರೆ. ನದಿನೀರು ನಮ್ಮ ತಾಲ್ಲೂಕಿಗೆ ಹಬ್ಬವೇ ಸರಿ. ಆದರೆ ಪೂರೈಕೆ ತಪ್ಪಿದ ದಿನ ಅದೇ ಓವರ್‌ಹೆಡ್ ಟ್ಯಾಂಕಿಗೆ ಹಳೆಯ ಬೋರಿನ ನೀರು ಬಿಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ: 3 ಮಿಲಿಗ್ರಾಂ ಇರುವ ಬೋರಿನ ನೀರು ಅರ್ಧ, 0.5 ಇರುವ ಒಳ್ಳೆಯ ನೀರು ಅರ್ಧ ಬೆರೆತರೆ ನಲ್ಲಿಯಲ್ಲಿ ಬರುವುದು 1.75. ಬಣ್ಣ, ರುಚಿ ಎರಡರಲ್ಲೂ ವ್ಯತ್ಯಾಸ ತಿಳಿಯದು. ಅದಕ್ಕೇ ಮಾದರಿಯನ್ನು ಟ್ಯಾಂಕಿನಲ್ಲಿ ಹಿಡಿಯಬೇಡಿ, ಅಂಗನವಾಡಿಯ ನಲ್ಲಿಯಲ್ಲಿ ಹಿಡಿಯಿರಿ, ಅದೂ ನೀರು ತಡವಾಗಿ ಬಂದ ದಿನ. ಆವತ್ತು ಆ ನಲ್ಲಿಯಿಂದ ಬಂದ ನೀರಲ್ಲೇ ಮೂರು ವರ್ಷದ ಮಕ್ಕಳಿಗೆ ಊಟ ಬೇಯುತ್ತಿರುತ್ತದೆ.