ರಾತ್ರಿ ಬಿಳಿ, ಬೆಳಗ್ಗೆ ಹಸಿರು

ನಮ್ಮ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹ್ಯಾಲಿಮೀಡಾ ಅನ್ನೋ ಕಡಲ ಪಾಚಿ ಹೊಸ ಬಿಲ್ಲೆ ಬಿಟ್ಟಿದೆ! ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದಾಗ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಗ್ಗಿತ್ತು. ಬೆಳಗ್ಗೆ ಅದೇ ಜಾಗದಲ್ಲಿ ತಿಳಿಹಸಿರು ಬಿಲ್ಲೆ. ಕತ್ತಲಲ್ಲಿ ಬೆಳೆದು, ಬೆಳಕು ಹರಿಯುವ ಹೊತ್ತಿಗೆ ಹಸಿರು ತುಂಬಿಕೊಳ್ಳುತ್ತದೆ.

ನೋಡೋಕೆ ಥೇಟ್ ಪುಟ್ಟ ಪಾಪಾಸುಕಳ್ಳಿ. ಗುರುತು ಹಿಡಿಯೋಕೆ ಮುಟ್ಟಿದರೆ ಸಾಕು, ಗಟ್ಟಿಯಾಗಿರುತ್ತದೆ. ಮೈಯೆಲ್ಲ ಸುಣ್ಣ. ಅದಕ್ಕೇ ನೀರಿನಲ್ಲಿ ಕ್ಯಾಲ್ಸಿಯಂ 400 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಕೆಳಗಿಳಿಯದ ಹಾಗೆ ನೋಡಿಕೊಳ್ಳುತ್ತೇನೆ. ಕಾಲರ್ಪಾ ಅನ್ನೋ ಇನ್ನೊಂದು ಕಡಲ ಪಾಚಿ ಹಾಗಲ್ಲ, ಮೆತ್ತಗೆ, ಕಲ್ಲಿನ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತದೆ.

ಮೊದಲು ನಾನು ಬೆಳೆಸಿದ್ದು ಕಾಲರ್ಪಾನೇ. ದ್ರಾಕ್ಷಿ ಗೊಂಚಲಿನಂಥ ಜಾತಿ, ತುಂಬಾ ಚಂದ. ಒಂದು ದಿನ ಇದ್ದಕ್ಕಿದ್ದ ಹಾಗೆ ಬಣ್ಣ ಬಿಟ್ಟು ಗಾಜಿನಂತಾಯಿತು, ನೀರೆಲ್ಲ ಮಬ್ಬಾಯಿತು. ಒಳಗಿದ್ದದ್ದನ್ನೆಲ್ಲ ಸಂತಾನದ ಕಣಗಳಾಗಿ ನೀರಿಗೆ ಬಿಟ್ಟು ಸತ್ತೇಹೋಗಿತ್ತು. ಅವತ್ತು ತುಂಬಾ ಬೇಜಾರಾಗಿತ್ತು. ಆಮೇಲೆ ಓದಿ ತಿಳಿದದ್ದು: ಅಷ್ಟುದ್ದದ ಬಳ್ಳಿಯೂ ಒಂದೇ ಒಂದು ಜೀವಕೋಶ, ನಡುವೆ ಗೋಡೆಯೇ ಇಲ್ಲ. ಈ ಹ್ಯಾಲಿಮೀಡಾನೂ ಹಾಗೇ.

ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಎಷ್ಟೋ ಕಡೆ ದೊಡ್ಡ ಪಾಲು ಸತ್ತ ಹ್ಯಾಲಿಮೀಡಾದ ಬಿಲ್ಲೆಗಳದ್ದೇ ಅಂತೆ. ನಾವು ಬರಿಗಾಲಲ್ಲಿ ನಡೆಯೋದು ಹೀಗೆ ಒಂದೊಂದೇ ರಾತ್ರಿ ಮೂಡಿದ ಬಿಲ್ಲೆಗಳ ಮೇಲೆ, ಅಲ್ವಾ?

ಪಕ್ಕದ ಕವಲಿನಲ್ಲೂ ಒಂದು ಬಿಳಿ ಚುಕ್ಕೆ ಕಾಣ್ತಿದೆ. ಇವತ್ತು ರಾತ್ರಿ ಮತ್ತೆ ಟಾರ್ಚ್ ಹಿಡಿದು ಕೂರುತ್ತೇನೆ.